ಮೇಲೆ ಪಗಡಿ, ಕೆಳಗೆ ಬರ್ಮುಡಾ

ಧಾರವಾಡದಿಂದ ಅಕ್ಕನ ಫೋನು ಬಂತು. ಕೋಥ್ರೂಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ ನಾನು ಹಗ್ಗದ ಮೇಲಿನ ಬನಿಯನ್ ತೆಗೆಯುತ್ತಿದ್ದೆ.

“ತಮ್ಮಾ, ನಮ್ಮ ಸಂತ್ಯಾಂದು ಪುಣೆ ಯೂನಿವರ್ಸಿಟಿಯೊಳಗ ಎಮ್ಮೆಸ್ಸಿಗೆ ಅಡ್ಮಿಶನ್ ಆತು ನೋಡು. ಅಲ್ಲೆ ಗಂಡುಹುಡುಗ್ರು ಏನ್ ಹಾಕ್ಕೊಂಡ ಕ್ಲಾಸಿಗೆ ಹೋಗ್ತಾರೋ? ಎಂಟು ಅಂಗಿ ಹೊಲಿಸಬೇಕಂತ ಮಾಡೇನಿ. ಪೂರ್ಣ ತೋಳಿಂದು ಇರ್ಲೋ, ಅರ್ಧ ತೋಳಿಂದು ಇರ್ಲೋ?”

ಪುಣೆಗೆ ಬಂದು ನನಗೆ ಮೂವತ್ತೆರಡು ವರ್ಷ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೆಣ್ಣುಮಕ್ಕಳು ಏನು ಹಾಕಿಕೊಳ್ಳಬೇಕು ಎಂಬುದನ್ನಂತೂ ನಾನು ಕೇಳದಿದ್ದರೂ ಎಲ್ಲರೂ ಹೇಳಿದ್ದಾರೆ. ಸೊಸೈಟಿಯ ಸೆಕ್ರೆಟರಿ ಹೇಳಿದ್ದಾರೆ, ಗಿರಣಿಯವನು ಹಿಟ್ಟು ಬೀಸುತ್ತ ಹೇಳಿದ್ದಾನೆ, ಮೀಟರು ಹಾಕಲು ಒಪ್ಪದ ರಿಕ್ಷಾದವನೂ ಆ ವಿಷಯ ಬಂದರೆ ಸ್ವಾರಗೇಟಿನವರೆಗೆ ಬಿಟ್ಟಿ ಉಪನ್ಯಾಸ ಕೊಡುತ್ತಾನೆ. ಗಂಡುಹುಡುಗ? ಅವನು ಹುಟ್ಟುತ್ತಲೇ ಡ್ರೆಸ್ ಮಾಡಿಕೊಂಡು ಬಂದವನು. ವಿಚಾರಿಸಿ ಹೇಳುತ್ತೇನೆ ಅಂದೆ.

ನಿವೃತ್ತ ಬ್ಯಾಂಕಿನವನಿಗೆ ಕೆಲಸವೇನಿದೆ, ನಿಜವಾಗಿಯೇ ವಿಚಾರಿಸಿದೆ. ಪಕ್ಕದ ಮನೆಯ ಹುಡುಗಿ ಓದುವ ಕಾಲೇಜಿನ ನಿಯಮಪುಸ್ತಿಕೆ ಸಿಕ್ಕಿತು. ಹುಡುಗಿಯರಿಗೆ ಒಂಬತ್ತು ಸಾಲು. ಕುರ್ತಾ ಮೊಣಕಾಲಿಗಿಂತ ಎಷ್ಟು ಕೆಳಗೆ, ಲೆಗ್ಗಿಂಗ್ ಮೇಲೆ ಯಾವುದು ಕಡ್ಡಾಯ, ದುಪಟ್ಟಾಕ್ಕೆ ಪಿನ್ನು ಎರಡೋ ಒಂದೋ. ಬರೆದವನು ದರ್ಜಿಯಾಗಬೇಕಿದ್ದವನು, ತಪ್ಪಿ ಪ್ರಾಧ್ಯಾಪಕನಾಗಿದ್ದಾನೆ. ಹುಡುಗರಿಗೆ ಒಂದೇ ಸಾಲು: ವಿದ್ಯಾರ್ಥಿಗಳು ಸಭ್ಯ ಉಡುಪು ಧರಿಸತಕ್ಕದ್ದು. ಈ ‘ಸಭ್ಯ’ ಎಂಬುದು ಎಷ್ಟು ಇಂಚು? ತೋಳಿರಬೇಕೋ, ಗುಂಡಿಯಿರಬೇಕೋ, ಒಗೆದಿರಬೇಕೋ? ಪುಸ್ತಿಕೆಯ ತುಂಬ ಹುಡುಕಿದೆ. ಮುಂದಿನ ಸಾಲು ಸೈಕಲ್ ಸ್ಟ್ಯಾಂಡಿನ ಬಗ್ಗೆ ಇತ್ತು.

ಸರಿ, ಕಣ್ಣಾರೆ ನೋಡೋಣವೆಂದು ಗಣೇಶಖಿಂಡದ ವಿಶ್ವವಿದ್ಯಾಲಯಕ್ಕೇ ಹೋದೆ. 411 ಎಕರೆ ಜಾಗ. ನಡುವೆ ಗೋಪುರವಿರುವ ಕಲ್ಲಿನ ಕಟ್ಟಡ, ಹಿಂದೆ ಮುಂಬಯಿ ಪ್ರಾಂತದ ಗವರ್ನರ್ ಸಾಹೇಬರು ಮಳೆಗಾಲ ಕಳೆಯುತ್ತಿದ್ದ ಬಂಗಲೆ. ಅವರ ಕಾಲದಲ್ಲಿ ಇಲ್ಲಿ ಕೋಟಿಲ್ಲದೆ ಒಳಗೆ ಕಾಲಿಡುವಂತಿರಲಿಲ್ಲ. ಈಗ ಕ್ಯಾಂಟೀನಿನಲ್ಲಿ ನನ್ನ ಎದುರಿಗೆ ಒಬ್ಬ ಕೂತ. ಮೇಲೆ ಒಂದು ಟೀಶರ್ಟು. ಅದರ ಬಣ್ಣ ಒಂದಾನೊಂದು ಕಾಲದಲ್ಲಿ ನೀಲಿ ಇದ್ದಿರಬೇಕು. ಕಂಕುಳಲ್ಲಿ ಎರಡು ತೂತು, ಬೆರಳು ಹೋಗುವಷ್ಟು. ಕೆಳಗೆ ಬರ್ಮುಡಾ, ಅದರ ನಾಡಿ ಹೊರಗೆ ಇಳಿಬಿದ್ದು ಮಿಸಳಿನ ತಟ್ಟೆಯ ಕಡೆ ತೂಗಾಡುತ್ತಿತ್ತು. ಕಾಲಲ್ಲಿ ಹವಾಯಿ ಚಪ್ಪಲಿ; ಎಡಗಾಲಿನದಕ್ಕೆ ಬಿಳಿ ಪಟ್ಟಿ, ಬಲಗಾಲಿನದಕ್ಕೆ ಹಸಿರು. ಅವನು ಪಾವು ಅದ್ದುತ್ತ ಸ್ನೇಹಿತನಿಗೆ ಏನೋ ಸಮೀಕರಣ ವಿವರಿಸುತ್ತಿದ್ದ. ನನಗೆ ಅರ್ಥವಾಗಲಿಲ್ಲ, ಆದರೆ ಬಹಳ ದೊಡ್ಡ ವಿಷಯವೆಂದು ಗೊತ್ತಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಬೂಟು, ಬಾಚಿದ ತಲೆ ಇದ್ದವನು ಆ ಕ್ಯಾಂಟೀನಿನಲ್ಲಿ ಒಬ್ಬನೇ. ಅವನು ತಟ್ಟೆ ಎತ್ತುತ್ತಿದ್ದ.

ವಾಪಸು ಬರುವಾಗ ಫರ್ಗ್ಯುಸನ್ ರಸ್ತೆಯಲ್ಲಿ ಇಳಿದೆ. ನಮ್ಮ ತುಳುನಾಡಿನ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ‘ವೈಶಾಲಿ’ಯ ಮುಂದೆ ಹೆಸರು ಬರೆಸಿ ಕಾಯುವ ಹುಡುಗರ ಗುಂಪು. ಅರ್ಧಕ್ಕರ್ಧ ಜನರ ಮೊಣಕಾಲು ಪ್ಯಾಂಟಿನಿಂದ ಹೊರಗೆ ಇಣುಕುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಬೆಲೆ ವಿಚಾರಿಸಿದೆ. ಹರಿಯದ ಪ್ಯಾಂಟಿಗಿಂತ ಹರಿದದ್ದಕ್ಕೆ ನಾನೂರು ರೂಪಾಯಿ ಹೆಚ್ಚು. ಯಾಕಪ್ಪಾ ಅಂದರೆ, “ಕಾಕಾ, ಕೈಯಿಂದ ಹರಿದದ್ದು” ಅಂದ. ಈ ಊರಿನ ಅಂಗಡಿ ಬೋರ್ಡುಗಳ ಕುಹಕ ಮಹಾರಾಷ್ಟ್ರಕ್ಕೆಲ್ಲ ಪ್ರಸಿದ್ಧ, ‘ಪುಣೇರಿ ಪಾಟಿ’ ಎಂದೇ ಅದಕ್ಕೆ ಹೆಸರು. ಯಾವನಾದರೂ ಸದಾಶಿವ ಪೇಠೆಯ ದರ್ಜಿ ಇನ್ನೂ ಹೀಗೆ ಬೋರ್ಡು ಹಾಕಿಲ್ಲವಲ್ಲ ಎಂದು ನನಗೆ ಆಶ್ಚರ್ಯ: ‘ಇಲ್ಲಿ ಹರಿದದ್ದನ್ನು ಹೊಲಿದು ಕೊಡಲಾಗುವುದು. ಹೊಲಿದದ್ದನ್ನು ಹರಿದು ಕೊಡಲಾಗುವುದು. ಎರಡನೆಯದಕ್ಕೆ ಮುಂಗಡ ಕಡ್ಡಾಯ. ಮಧ್ಯಾಹ್ನ 1ರಿಂದ 4 ಎರಡೂ ಇಲ್ಲ.’

ಈ ಊರಲ್ಲಿ ದುಡ್ಡು ಖರ್ಚು ಮಾಡದೆ ಬಡವನ ವೇಷ ತೊಟ್ಟವರೊಬ್ಬರಿದ್ದರು. 1888ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಡ್ಯೂಕ್ ಆಫ್ ಕನಾಟ್‌ಗೆ ಇಲ್ಲಿ ಔತಣ ಏರ್ಪಟ್ಟಿತ್ತು. ಊರ ಗಣ್ಯರೆಲ್ಲ ಜರಿ, ಮುತ್ತು, ವಜ್ರ ಹೇರಿಕೊಂಡು ಬಂದಾಗ ಜ್ಯೋತಿಬಾ ಫುಲೆ ಬಡರೈತನ ಉಡುಪಿನಲ್ಲಿ ಹೋದರು. ಈ ಜರಿಯವರನ್ನು ನೋಡಿ ಹಿಂದೂಸ್ಥಾನ ಹೀಗಿದೆ ಅಂದುಕೊಳ್ಳಬೇಡಿ, ಹಳ್ಳಿಗೆ ಹೋಗಿ ನೋಡಿ ಎಂದು ರಾಣಿಯ ಮಗನ ಮುಖದ ಮೇಲೆ ಹೇಳಿ ಬಂದರು. ಹರಿದ ಬಟ್ಟೆಯಿಂದ ಪುಣೆಯಲ್ಲಿ ಏನಾದರೂ ಅರ್ಥ ಹೊರಟದ್ದು ಅದೇ ಕೊನೆ ಇರಬೇಕು. ಈಗ ಹೊರಡುವುದು ಮೊಣಕಾಲು.

ಹಾಗೆಂದು ವಿಶ್ವವಿದ್ಯಾಲಯ ಗಂಡುಹುಡುಗನ ಉಡುಪನ್ನು ಪೂರ್ತಿ ಮರೆತಿದೆ ಎಂದು ತಿಳಿಯಬಾರದು. ವರ್ಷವೆಲ್ಲ ಬಿಟ್ಟು ಒಂದು ದಿನ ಅವನ ನೆನಪಾಗುತ್ತದೆ, ಘಟಿಕೋತ್ಸವದ ದಿನ. ಬ್ರಿಟಿಷರ ಕಪ್ಪು ಗೌನು ಗುಲಾಮಿತನ ಎಂಬ ಅರಿವು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷಗಳ ಹೊತ್ತಿಗೆ ದೇಶದ ಅನೇಕ ವಿಶ್ವವಿದ್ಯಾಲಯಗಳಿಗೆ ಒಟ್ಟಿಗೇ ಆಯಿತು. ಪುಣೆಯಲ್ಲಿ ಗೌನು ಹೋಗಿ ಕುರ್ತಾ ಬಂತು, ಟೋಪಿ ಹೋಗಿ ಪುಣೇರಿ ಪಗಡಿ ಬಂತು. ಕೆಂಪು ಬಣ್ಣ, ಮುಂದೆ ಕೊಕ್ಕಿನಂಥ ಚೂಪು, ತಿಲಕರ ಚಿತ್ರದಲ್ಲಿ ನೋಡುತ್ತೇವಲ್ಲ, ಅದು. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ, ನಮ್ಮ ಮೈಸೂರು ವೀಳ್ಯದೆಲೆ, ಧಾರವಾಡ ಫೇಡೆಗೆ ಸಿಕ್ಕ ಹಾಗೆ. ಆದರೆ ಫೇಡೆ ತಿಂದರೆ ಮುಗಿಯಿತು. ಪಗಡಿ ಇಟ್ಟರೆ ಯಾರ ಪಗಡಿ ಎಂಬ ಪ್ರಶ್ನೆ ಏಳುತ್ತದೆ. ಎದ್ದಿತು. ವಿಶ್ವವಿದ್ಯಾಲಯಕ್ಕೆ 2014ರಿಂದ ಸಾವಿತ್ರಿಬಾಯಿ ಫುಲೆ ಹೆಸರು. ತಲೆಯ ಮೇಲೆ ಪೇಶ್ವೆಗಳ ನೆನಪಿನ ಪಗಡಿ. ಹೆಸರಿನವರ ಗಂಡ ಸುತ್ತುತ್ತಿದ್ದ ರುಮಾಲು ಏನಾಯಿತು? 2018ರ ಜೂನ್‌ನಲ್ಲೇ ಶರದ್ ಪವಾರರು ತಮ್ಮ ಪಕ್ಷದ ಸಭೆಯಲ್ಲಿ ಇನ್ನು ಮೇಲೆ ಫುಲೆ ಪಗಡಿಯೇ ಎಂದು ಸಾರಿ, ಜಾಮೀನಿನ ಮೇಲೆ ಹೊರಬಂದಿದ್ದ ಛಗನ್ ಭುಜಬಲರ ತಲೆಗೆ ಅದನ್ನು ತೊಡಿಸಿದ್ದರು. 2019ರ ಜನವರಿಯಲ್ಲಿ ಘಟಿಕೋತ್ಸವದ ವೇಳೆ ವಿದ್ಯಾರ್ಥಿಗಳು ಫುಲೆ ಪಗಡಿಗಾಗಿ ಘೋಷಣೆ ಕೂಗಿದರು.

ನಾನು ಯಾರ ಪಕ್ಷ ಎಂದು ಕೇಳುತ್ತೀರಾ? ಹುಡುಗರ ಪಕ್ಷ. ಹೆಸರು ಸಾವಿತ್ರಿಬಾಯಿಯದು, ಪಗಡಿ ಪೇಶ್ವಾಯಿಯದು ಎಂದರೆ ಅಂಗಿಗೆ ಒಬ್ಬರ ಅಳತೆ, ಗುಂಡಿಗೆ ಇನ್ನೊಬ್ಬರ ಅಳತೆ ತೆಗೆದ ಹಾಗೆ. ಆದರೆ ಅದೇ ಜನವರಿಯಲ್ಲಿ ಈ ಊರು ತಲೆಯ ಬಗ್ಗೆಯೇ ಇನ್ನೊಂದು ಜಗಳ ಆಡುತ್ತಿತ್ತು ಎಂಬುದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜನವರಿ 1ರಿಂದ ಪೊಲೀಸರು ಹೆಲ್ಮೆಟ್ ಕಡ್ಡಾಯ ಮಾಡಿದರು. ಪುಣೆ ಬೀದಿಗಿಳಿಯಿತು, ಹೆಲ್ಮೆಟ್ ಬೇಡವೆಂದು. ಬರಿದಲೆಯಲ್ಲಿ ಬೈಕ್ ಮೆರವಣಿಗೆ ಹೋದರು. ಅಂದರೆ ಒಂದೇ ತಿಂಗಳಲ್ಲಿ, ಒಂದೇ ಊರಲ್ಲಿ, ತಲೆ ಒಡೆಯದಂತೆ ಕಾಯುವ ಟೋಪಿ ಬೇಡವೆಂದು ಒಂದು ಚಳವಳಿ, ಯಾವ ಟೋಪಿ ಹಾಕಬೇಕೆಂದು ತಲೆ ಒಡೆದುಕೊಳ್ಳುವ ಇನ್ನೊಂದು ಚಳವಳಿ. ಎರಡರ ನಡುವೆ ತಲೆಯ ಒಳಗೇನಿದೆ ಎಂದು ಕೇಳುವ ಮೂರನೆಯದಕ್ಕೆ ಪೊಲೀಸರ ಅನುಮತಿ ಸಿಗಲಿಕ್ಕಿಲ್ಲ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇದೇ ವಿಶ್ವವಿದ್ಯಾಲಯ ಗಾದೆಯ ಮೊದಲ ಅರ್ಧವನ್ನೂ ವಹಿಸಿಕೊಳ್ಳಲು ನೋಡಿತ್ತು. 2017ರಲ್ಲಿ ಒಂದು ಚಿನ್ನದ ಪದಕಕ್ಕೆ ಅರ್ಜಿ ಕರೆದ ಸುತ್ತೋಲೆಯಲ್ಲಿ ವಿದ್ಯಾರ್ಥಿ ಸಸ್ಯಾಹಾರಿಯಾಗಿರಬೇಕು, ವ್ಯಸನವಿರಬಾರದು ಎಂಬ ಷರತ್ತಿತ್ತು. ದಾನಿಗಳ ಷರತ್ತು, ನಮ್ಮದಲ್ಲ ಎಂದರು. ಗದ್ದಲ ಎದ್ದ ಮೇಲೆ ತಡೆಹಿಡಿದರು. ಮೀನು ತಿಂದವನ ಚಿನ್ನ ತುಕ್ಕು ಹಿಡಿಯುತ್ತದೆ ಎಂದು ರಸಾಯನಶಾಸ್ತ್ರ ವಿಭಾಗ ಏನಾದರೂ ವರದಿ ಕೊಟ್ಟಿತ್ತೋ ಏನೋ, ಹೊರಬರಲಿಲ್ಲ.

ಪುಣೆಯ ವಿದ್ಯಾರ್ಥಿಯ ಬಟ್ಟೆಗೆ ನಿಜವಾಗಿ ಬೆಂಕಿ ಬಿದ್ದ ಕಾಲವೂ ಒಂದಿತ್ತು. 1905ರ ದಸರೆಯ ಹೊತ್ತಿಗೆ ಫರ್ಗ್ಯುಸನ್ ಕಾಲೇಜಿನ ಹುಡುಗ ಸಾವರ್ಕರ್ ಮತ್ತು ಗೆಳೆಯರು ವಿದೇಶಿ ಬಟ್ಟೆಯ ಹೋಳಿ ಮಾಡಿದರು, ತಿಲಕರು ಬಂದು ಭಾಷಣ ಮಾಡಿದರು. ಪ್ರಿನ್ಸಿಪಾಲ್ ರ‍್ಯಾಂಗ್ಲರ್ ಪರಾಂಜಪೆಯವರು ಹುಡುಗನಿಗೆ ಹತ್ತು ರೂಪಾಯಿ ದಂಡ ಹಾಕಿ ಹಾಸ್ಟೆಲಿನಿಂದ ಹೊರಗೆ ಕಳಿಸಿದರು. ಇವರು ನಮ್ಮ ಗುರುಗಳೇ ಅಲ್ಲ ಎಂದು ತಿಲಕರ ‘ಕೇಸರಿ’ ಪತ್ರಿಕೆ ಗುಡುಗಿತು. ಆಗ ಹತ್ತು ರೂಪಾಯಿಗೆ ಎಷ್ಟು ಅಂಗಿ ಬರುತ್ತಿದ್ದವು ಎಂದು ನನ್ನೊಳಗಿನ ಬ್ಯಾಂಕಿನವನು ಲೆಕ್ಕ ಹಾಕುತ್ತಾನೆ. ಸುಟ್ಟ ಬಟ್ಟೆಗಿಂತ ಸುಟ್ಟದ್ದಕ್ಕೆ ಕಟ್ಟಿದ್ದೇ ಹೆಚ್ಚಾಗಿರಬಹುದು.

ಅದೇ ಕಾಲೇಜಿನಲ್ಲಿ ಪರಾಂಜಪೆಯವರಿಗಿಂತ ಮೊದಲು ಪ್ರಿನ್ಸಿಪಾಲರಾಗಿದ್ದವರು ಗೋಪಾಳ ಗಣೇಶ ಆಗರಕರ್. ಓದುವ ಕಾಲದಲ್ಲಿ ಅವರ ಹತ್ತಿರ ಇದ್ದದ್ದು ಒಂದೇ ಅಂಗಿ. ರಾತ್ರಿ ಒಗೆದು ಹಾಕಿ ಬೆಳಿಗ್ಗೆ ಅದನ್ನೇ ತೊಡುತ್ತಿದ್ದರು ಎಂಬ ಕತೆ ಮಹಾರಾಷ್ಟ್ರದ ಪ್ರತಿ ಶಾಲೆಯ ಮಗುವಿಗೂ ಗೊತ್ತು. ನನಗೆ ಆಗರಕರರ ಮೇಲೆ ಅಪಾರ ಗೌರವ. ಬದುಕಿರುವಾಗಲೇ ಸನಾತನಿಗಳಿಂದ ತಮ್ಮ ಅಣಕು ಶವಯಾತ್ರೆ ಕಂಡ ಮನುಷ್ಯ. ಆದರೆ ಅವರೂ ತಮ್ಮ ‘ಸುಧಾರಕ’ ಪತ್ರಿಕೆಯಲ್ಲಿ ಉಡುಪಿನ ಬಗ್ಗೆ ಲೇಖನ ಬರೆಯಲು ಕೂತಾಗ ಲೇಖನಿ ಎತ್ತ ತಿರುಗಿತು? ಹೆಂಗಸರು ಜಾಕೀಟು ತೊಡಬೇಕು ಎಂಬ ಕಡೆಗೆ. ಒಳ್ಳೆಯ ಉದ್ದೇಶವೇ, ಅನುಮಾನವಿಲ್ಲ. ಒಂದೇ ಅಂಗಿಯ ಗಂಡಸಿಗೂ ಹೆಂಗಸಿನ ಅಂಗಿಯದೇ ಚಿಂತೆ.

ಕರ್ನಾಟಕದವರು ಇದರಲ್ಲಿ ಪುಣೆಗಿಂತ ಹಿಂದೇನೂ ಉಳಿದಿಲ್ಲ. 2022ರ ಆರಂಭದಲ್ಲಿ ಹುಡುಗಿಯರ ಹಿಜಾಬಿನ ಗಲಾಟೆ ಎದ್ದಾಗ, ಅಲ್ಲಿಯವರೆಗೆ ಡಿಸೆಂಬರ್ ಚಳಿಯಲ್ಲೂ ಅಮ್ಮ ಹೊದೆಸಿದರೆ ಕಿತ್ತೆಸೆಯುತ್ತಿದ್ದ ಹುಡುಗರ ಹೆಗಲಿಗೆ ಕೇಸರಿ ಶಾಲು ಬಂತು. ಅದಕ್ಕೆ ಉತ್ತರವಾಗಿ ಚಿಕ್ಕಮಗಳೂರಿನಲ್ಲಿ ನೀಲಿ ಶಾಲು ಬಂತು. ಉಡುಪಿಯ ಸೆಕೆಯಲ್ಲಿ ಶಾಲು ಹೊದ್ದು ಬೆವರಿದ್ದನ್ನು ನೋಡಿದರೆ ಧರ್ಮಕ್ಕೆ ಎಷ್ಟು ಉಷ್ಣವಿದೆಯೆಂದು ತಿಳಿಯುತ್ತಿತ್ತು. ಫೆಬ್ರುವರಿ 5ರ ಸರ್ಕಾರಿ ಆದೇಶ, ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಯಿತು. ಶಾಲೆಯ ಗೇಟಿನ ಹೊರಗೆ ಉಳಿದವರು ಹುಡುಗಿಯರು. ಹುಡುಗರು ಶಾಲು ಮಡಚಿ ಬ್ಯಾಗಿಗೆ ಹಾಕಿ ಒಳಗೆ ಹೋದರು. ಅವರದು ಬಟ್ಟೆಯಾಗಿರಲಿಲ್ಲ, ಉತ್ತರವಾಗಿತ್ತು, ಉತ್ತರವನ್ನು ಮಡಚಬಹುದು.

ಮುಂಬಯಿಯ ಚೆಂಬೂರಿನ ಕಾಲೇಜೊಂದು 2024ರಲ್ಲಿ ಹಿಜಾಬು, ಬುರ್ಖಾ, ಟೋಪಿ ನಿಷೇಧಿಸಿತು. ಹೈಕೋರ್ಟು ಒಪ್ಪಿದ ಬೆನ್ನಿಗೇ ಇನ್ನೊಂದು ನೋಟಿಸು: ಹರಿದ ಜೀನ್ಸ್, ಟೀಶರ್ಟು, ಜರ್ಸಿ ಕೂಡ ನಡೆಯದು. ಪಾಪ, ಹುಡುಗರು ಎಲ್ಲಿಗೋ ಹೊರಟ ಗುಂಡಿಗೆ ಅಡ್ಡ ಸಿಕ್ಕಿದರು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹಿಜಾಬು, ಟೋಪಿಗಳ ಮೇಲಿನ ನಿಷೇಧಕ್ಕೆ ತಡೆ ಕೊಟ್ಟಿತು. ಜೀನ್ಸಿನ ಪರ ವಾದಿಸಲು ಹಿರಿಯ ವಕೀಲರು ಯಾರೂ ಬಂದಿರಲಿಲ್ಲ.

ಅಕ್ಕನ ತೋಳಿನ ಪ್ರಶ್ನೆಗೆ ಖಚಿತ ಉತ್ತರ ಕೊಟ್ಟ ಸಂಸ್ಥೆ ನನಗೆ ಸಿಕ್ಕಿದ್ದು ಒಂದೇ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಯ ಕಡೆ ಬ್ಲೂಟೂತ್ ಕಟ್ಟಿಕೊಂಡು ಪರೀಕ್ಷೆ ಬರೆದ ವೀರರಿಂದಾಗಿ ಮುಂದಿನ ಪರೀಕ್ಷೆಗೆ ವಸ್ತ್ರಸಂಹಿತೆ ಬಂತು. ಗಂಡಸರಿಗೆ ಅರ್ಧ ತೋಳು, ಪೂರ್ಣ ತೋಳು ಬೇಡ, ಜೀನ್ಸ್ ಬೇಡ, ಕುರ್ತಾ ಪಾಯಜಾಮ ಬೇಡ, ಬೂಟು ಬೇಡ. ನಮ್ಮ ದೇಶದಲ್ಲಿ ಗಂಡಸಿನ ಬಟ್ಟೆಯನ್ನು ಇಷ್ಟು ಇಂಚಿಂಚಾಗಿ ಯೋಚಿಸಿದ್ದು ಅವನು ಕಳ್ಳನೆಂಬ ಅನುಮಾನ ಬಂದಾಗ ಮಾತ್ರ. ಹೆಣ್ಣುಮಕ್ಕಳ ಬಟ್ಟೆಯನ್ನು ಯೋಚಿಸಲು ಅನುಮಾನವೂ ಬೇಕಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಸಿಇಟಿ ಕೇಂದ್ರದಲ್ಲಿ ಅಂಗಿಯೊಳಗಿನ ಜನಿವಾರ ತೆಗೆಸಲು ಹೋಗಿ, ಬೀದರಿನ ಹುಡುಗನೊಬ್ಬ ಗಣಿತದ ಪೇಪರು ಕಳೆದುಕೊಂಡು, ರಾಜ್ಯವೇ ಎದ್ದು ಕೂತು, ಸಿಬ್ಬಂದಿ ಅಮಾನತಾದರು. ಆಗಬೇಕಾದದ್ದೇ. ಒಂದೆಳೆ ದಾರಕ್ಕೆ ಅಷ್ಟು ಬೇಗ ಎದ್ದ ರಾಜ್ಯ ಒಂದು ಗಜ ಬಟ್ಟೆಗೆ ಯಾಕೆ ಆ ಕಡೆ ಮಗ್ಗುಲಾಯಿತು ಎಂದು ಕೇಳಿದರೆ ನನ್ನ ಸ್ನೇಹಿತರು ಚಹಾ ಕಪ್ಪು ಕೆಳಗಿಟ್ಟು ವಿಷಯ ಬದಲಿಸುತ್ತಾರೆ.

ಇರಲಿ. ಜೂನ್ ಬಂತು, ಸಂತ್ಯಾ ಬಂದ. ಒಂದು ಟ್ರಂಕು, ಎಂಟು ಅಂಗಿ; ಅಕ್ಕ ನಾಲ್ಕು ಪೂರ್ಣ, ನಾಲ್ಕು ಅರ್ಧ ಹೊಲಿಸಿ ಸಮಸ್ಯೆ ಬಗೆಹರಿಸಿದ್ದಳು. ಮೊದಲ ದಿನ ಇನ್‌ಶರ್ಟ್ ಮಾಡಿ, ಬೆಲ್ಟು ಬಿಗಿದು, ಎಣ್ಣೆ ಹಚ್ಚಿ ಬಾಚಿಕೊಂಡು ಹೋದ. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದ.

“ಏನಾತೋ?”

“ಮಾಮಾ, ಎಲ್ಲಾರೂ ಎದ್ದು ನಿಂತ್ರು. ಸರ್ ಬಂದ್ರಂತ ತಿಳಕೊಂಡ್ರು.”

ಸರ್ ಯಾವಾಗ ಬಂದರು ಎಂದು ಕೇಳಿದೆ. ಅವರು ಆಗಲೇ ಮೂರನೆಯ ಬೆಂಚಿನಲ್ಲಿ ಕೂತು ಯಾರೊಂದಿಗೋ ಮಾತಾಡುತ್ತಿದ್ದರಂತೆ, ಕಾಲರಿಲ್ಲದ ಟೀಶರ್ಟಿನಲ್ಲಿ. ಪಿಎಚ್‌ಡಿ ಹುಡುಗ ಅಂದುಕೊಂಡು ಇವನೇ ಅವರಿಗೆ ‘ಸ್ವಲ್ಪ ಸರೀರಿ’ ಅಂದನಂತೆ.

ಹದಿನೈದು ದಿನಕ್ಕೆ ಹಾಸ್ಟೆಲು ಸಿಕ್ಕಿತು. ಎರಡು ತಿಂಗಳು ಬಿಟ್ಟು ನೋಡಲು ಹೋದೆ. ರೂಮಿನ ಬಾಗಿಲ ಹಿಂದೆ ಮೊಳೆಗೆ ಒಂದು ಕಪ್ಪು ಬ್ಲೇಜರ್ ತೂಗುಬಿದ್ದಿತ್ತು. ಯಾರದೆಂದು ಕೇಳಿದರೆ, ಯಾರದೂ ಅಲ್ಲ, ಎಲ್ಲರದೂ. ನಾಲ್ಕು ವರ್ಷದ ಹಿಂದೆ ಯಾವನೋ ಸೀನಿಯರ್ ಬಿಟ್ಟುಹೋದದ್ದು. ಆ ಮಹಡಿಯವರೆಲ್ಲ ಕಂಪನಿ ಇಂಟರ್‌ವ್ಯೂಗೆ ಅದನ್ನೇ ತೊಡುತ್ತಾರೆ. ಜೇಬಿನಲ್ಲಿ ಗಂಟು ಬಿಚ್ಚದ ಟೈ, ಕುಣಿಕೆಯಂತೆ ತಲೆ ತೂರಿಸಿ ಎಳೆದುಕೊಳ್ಳುವುದು. ಒಳಗಡೆ ಲೈನಿಂಗಿನ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರುಗಳನ್ನು ಬರೆದಿದ್ದರು, ಯಾರಿಗೆ ಯಾವ ಕಂಪನಿ, ಎಷ್ಟು ಲಕ್ಷ. ಹನ್ನೊಂದು ಹೆಸರು. ಕಂಕುಳ ಹತ್ತಿರ ಜಾಗ ಉಳಿದಿತ್ತು. ನನ್ನ ಕಣ್ಣಿಗೆ ಬಿದ್ದ ಉಡುಪುಗಳಲ್ಲಿ ಪದವಿ ಪಡೆಯುವ ಯೋಗ್ಯತೆ ಇದ್ದದ್ದು ಅದಕ್ಕೆ.

“ಅವ್ವ ಹೊಲಿಸಿದ ಅಂಗಿ ಎಲ್ಲಿ?”

ಒಂದು ಕಿಟಕಿಗೆ ಪರದೆಯಾಗಿತ್ತು. ಇನ್ನೊಂದನ್ನು ಎಂಪಿಎಸ್ಸಿ ಓದುವ ಲಾತೂರಿನ ಹುಡುಗ ಫೋಟೋ ತೆಗೆಸಲು ಒಯ್ದವನು ಕೊಟ್ಟಿರಲಿಲ್ಲ. ಎರಡನ್ನು ಟ್ರೆಡಿಶನಲ್ ಡೇಗೆ ಧೋತರದ ಮೇಲೆ ತೊಟ್ಟರು, ಬುಲೆಟ್ ಮೇಲೆ ಕೂತು ಮೀಸೆ ತಿರುವಿ ಫೋಟೋ ಹೊಡೆಸಿಕೊಂಡರು. ಧೋತರ ಚೈನಿಗೆ ಸಿಕ್ಕಿತು, ಅಂಗಿಗೆ ಗ್ರೀಸು ಬಿತ್ತು. ಉಳಿದವು ಮಂಚದ ಕೆಳಗೆ ಟ್ರಂಕಿನಲ್ಲಿ, ಮಡಿಕೆ ಮುರಿಯದೆ. ಸಂತ್ಯಾ ನಿಂತಿದ್ದ: ಟೀಶರ್ಟು, ಬರ್ಮುಡಾ, ಕಾಲಿಗೆ ಹವಾಯಿ. ಎರಡೂ ಪಟ್ಟಿ ಒಂದೇ ಬಣ್ಣದವು, ಇನ್ನೂ ಹೊಸಬ.

ಅವನನ್ನು ಕರೆದುಕೊಂಡು ಭಿಡೆ ವಾಡೆಯ ಜಾಗ ತೋರಿಸಲು ಹೋಗಿದ್ದೆ, ಬುಧವಾರ ಪೇಠೆಗೆ. 1848ರಲ್ಲಿ ಫುಲೆ ದಂಪತಿ ಹುಡುಗಿಯರಿಗೆ ಶಾಲೆ ತೆರೆದದ್ದು ಅಲ್ಲಿ. ಸಾವಿತ್ರಿಬಾಯಿ ಪಾಠ ಹೇಳಲು ಹೋಗುವಾಗ ಚೀಲದಲ್ಲಿ ಇನ್ನೊಂದು ಸೀರೆ ಒಯ್ಯುತ್ತಿದ್ದರು. ದಾರಿಯಲ್ಲಿ ಜನ ಸಗಣಿ, ಕೆಸರು ಎಸೆಯುತ್ತಿದ್ದುದರಿಂದ ಶಾಲೆಗೆ ಹೋಗಿ ಬದಲಿಸಬೇಕಾಗುತ್ತಿತ್ತು. ಪುಣೆಯ ಶಿಕ್ಷಣದ ಇತಿಹಾಸದಲ್ಲಿ ಆ ಸೀರೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಸಗಣಿ ಎಸೆದವರು ಏನು ಉಟ್ಟಿದ್ದರು ಎಂದು ಯಾರೂ ಬರೆದಿಲ್ಲ. ನನ್ನ ಊಹೆ, ಬಹಳ ಸಭ್ಯ ಉಡುಪು. ಒಗೆದ ಧೋತರ, ಮಡಿಯ ಉತ್ತರೀಯ, ಸರಿಯಾಗಿ ಕೂತ ಪಗಡಿ. ಕೈ ಮಾತ್ರ ಹೊಲಸು.

ಮೊನ್ನೆ ಭಾನುವಾರ ಸಂತ್ಯಾ ಊಟಕ್ಕೆ ಬಂದಿದ್ದ. ನಮ್ಮ ಸೊಸೈಟಿಯ ಸೆಕ್ರೆಟರಿ ಮೇಂಟೆನೆನ್ಸ್ ರಸೀದಿ ಕೊಡಲು ಬಂದು ಕೂತಿದ್ದರು, ಲುಂಗಿ ಬನಿಯನ್ನಿನಲ್ಲಿ. ನಾನೂ ಹೆಚ್ಚುಕಡಿಮೆ ಅದರಲ್ಲೇ ಇದ್ದೆ. ಅಷ್ಟರಲ್ಲಿ ಅಕ್ಕನ ಫೋನು. ಸ್ಪೀಕರ್ ಮೇಲೆ ಹಾಕಿದೆ.

“ತಮ್ಮಾ, ಪುಟ್ಟೀದೂ ಅಲ್ಲೇ ಸೀಟು ಸಿಗೋ ಹಂಗೈತಿ ಬರೋ ವರ್ಷ. ಆಕಿಗೆ ಏನ್ ಹೊಲಿಸ್ಲಿ?”

ನಾನು ವಿಚಾರಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಕನ್ನಡ ಬಾರದ ಸೆಕ್ರೆಟರಿಗೆ ಪ್ರಶ್ನೆ ಹೇಗೆ ತಿಳಿಯಿತೋ, ರಸೀದಿ ಪುಸ್ತಕ ಮುಚ್ಚಿ ಮುಂದೆ ಸರಿದು ಕೂತರು. ಅವರಿಗಿಂತ ಮೊದಲು ಸಂತ್ಯಾ ಬರ್ಮುಡಾದ ನಾಡಿ ಬಿಗಿದುಕೊಳ್ಳುತ್ತ ಫೋನಿನ ಹತ್ತಿರ ಬಂದ.

“ಅವ್ವಾ, ಅರ್ಧ ತೋಳಿಂದು ಹೊಲಿಸಬ್ಯಾಡ. ಇಲ್ಲಿ ಹುಡುಗ್ರು ಚೊಲೊ ಇಲ್ಲ.”